ಒಂದು ಮೋರ್ಚಾಗೆ ದಾರಿ, ಇನ್ನೊಂದಕ್ಕೆ ವ್ಯಾನ್: ಪೊಲೀಸರ ಲೆಕ್ಕ ಏನು?

2025ರ ಜುಲೈ ಮೊದಲ ವಾರ ಮೀರಾ ರೋಡ್‌ನಲ್ಲಿ ಆದ ಗಲಾಟೆ ಮುಂಬಯಿ ಕಡೆ ಇರೋರಿಗೆಲ್ಲ ನೆನಪಿದ್ದೇ ಇರತ್ತೆ. ಮರಾಠಿ ಮಾತಾಡೋ ವಿಷಯಕ್ಕೆ ಒಬ್ಬ ಅಂಗಡಿಯವರಿಗೆ ರಾಜ್ ಠಾಕ್ರೆಯವರ ಪಕ್ಷ ಎಂಎನ್‌ಎಸ್‌ನ ಕಾರ್ಯಕರ್ತರು ಕಪಾಳಕ್ಕೆ ಬಾರಿಸಿದ ವಿಡಿಯೋ ಎಲ್ಲಾ ಕಡೆ ಓಡಾಡ್ತು, ಅದನ್ನ ಖಂಡಿಸಿ ವ್ಯಾಪಾರಿಗಳು ಅಂಗಡಿ ಮುಚ್ಚಿ ಬೀದಿಗಿಳಿದ್ರು, ಆ ಪ್ರತಿಭಟನೆ ನಡೆದೇ ಹೋಯ್ತು. ಅದಕ್ಕೆ ಜವಾಬು ಅಂತ ಜುಲೈ 8ಕ್ಕೆ ಮರಾಠಿ ಪರ ಮೋರ್ಚಾ ಕರೆದಾಗ ಮಾತ್ರ ಪರ್ಮಿಷನ್ ಸಿಗ್ಲಿಲ್ಲ, ಬೆಳಕು ಹರಿಯೋ ಮೊದಲೇ ಮುಖಂಡರನ್ನ ವಶಕ್ಕೆ ತಗೊಂಡ್ರು, ಜಾಗಕ್ಕೆ ಬಂದವರನ್ನ ವ್ಯಾನಿಗೆ ತುಂಬಿದ್ರು. ವ್ಯಾಪಾರಿಗಳಿಗೆ ಒಂದು ನ್ಯಾಯ ನಮಗೊಂದು ನ್ಯಾಯನಾ ಅಂತ ಶುರುವಾಯ್ತು ನೋಡಿ, ಮಧ್ಯಾಹ್ನದೊಳಗೆ ಜನ ಇನ್ನೂ ಜಾಸ್ತಿ ಆಗಿ ಮೋರ್ಚಾ ನಡೆದೇಬಿಡ್ತು. ಮುಖ್ಯಮಂತ್ರಿ ಫಡ್ನವೀಸ್ ಹೇಳಿದ್ದು, ಪರ್ಮಿಷನ್ ಬಗ್ಗೆ ತಕರಾರಿರ್ಲಿಲ್ಲ, ಮೋರ್ಚಾ ಹೋಗೋ ರೂಟ್ ಬಗ್ಗೆ ಇತ್ತು ಅಂತ. ಮರುದಿನ ಮೀರಾ ಭಾಯಂದರ್-ವಸಾಯಿ ವಿರಾರ್ ಪೊಲೀಸ್ ಕಮಿಷನರ್ ಅವರ ವರ್ಗಾವಣೆ.

ಆ ಏರಿಯಾದಲ್ಲಿ ನಮ್ಮ ಕನ್ನಡ, ತುಳು ಜನ ಸಿಕ್ಕಾಪಟ್ಟೆ ಇದ್ದಾರೆ, ಹಾಗಾಗಿ ನಮ್ಮ ಸಂಘದ ವಾಟ್ಸಾಪ್ ಗ್ರೂಪಲ್ಲಿ ಎರಡು ದಿನ ಬೇರೆ ಮಾತೇ ಇಲ್ಲ. ಒಬ್ಬರು "ಸರಿಯಾಗೇ ಮಾಡಿದ್ರು, ಎಳ್ಕೊಂಡು ಹೋಗ್ಲಿ" ಅಂದ್ರೆ ಇನ್ನೊಬ್ಬರು "ಹಾಗಾದ್ರೆ ನಾಳೆ ನಾವು ಏನಾದ್ರೂ ಕೇಳೋಕೆ ಬೀದಿಗೆ ಬಂದ್ರೆ ನಮ್ಮನ್ನೂ ಎಳ್ಕೊಂಡು ಹೋಗ್ಬಹುದಾ ಮಾರಾಯ್ರೆ" ಅಂತ. ಎರಡನೆಯವರ ಪ್ರಶ್ನೆ ಸ್ವಲ್ಪ ಕೂತು ಯೋಚಿಸೋಂಥದ್ದು. ಯಾಕಂದ್ರೆ ನಾವೆಲ್ಲ ಸಾಮಾನ್ಯವಾಗಿ ಪೊಲೀಸರು ಹೊಡೆದ್ರಾ ಇಲ್ವಾ ಅಷ್ಟೇ ನೋಡ್ತೀವಿ, ಅದೂ ಯಾರಿಗೆ ಹೊಡೆದ್ರು ಅನ್ನೋದರ ಮೇಲೆ ನಮ್ಮ ಖುಷಿ ಬೇಜಾರು ನಿಂತಿರತ್ತೆ. ಆದ್ರೆ ಯಾವ ಅಳತೆ ಇಟ್ಕೊಂಡು ಹೊಡೆದ್ರು, ಅದೇ ಅಳತೆ ಮುಂದಿನ ವಾರ ಬೇರೆ ಗುಂಪಿಗೂ ಇರತ್ತಾ ಅನ್ನೋದು ಬೇರೆಯದೇ ಪ್ರಶ್ನೆ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಎಲ್ಲಾ ಗುಂಪಿಗೂ ಒಂದೇ ಥರ ವರ್ತಿಸೋದು ಅಂದ್ರೆ ಎಲ್ಲರಿಗೂ ಒಂದೇ ಫಲ ಅಂತಲ್ಲ. ಕಲ್ಲು ತೂರೋ ಗುಂಪಿಗೂ ಕೂತು ಭಜನೆ ಮಾಡೋ ಗುಂಪಿಗೂ ಒಂದೇ ಟ್ರೀಟ್‌ಮೆಂಟ್ ಕೊಟ್ರೆ ಅದೇ ಅನ್ಯಾಯ. ಗುಂಪು ಏನು ಮಾಡ್ತಾ ಇದೆ ಅನ್ನೋದನ್ನ ನೋಡ್ಬೇಕು, ಗುಂಪು ಯಾರದ್ದು ಅನ್ನೋದನ್ನಲ್ಲ. ಹೇಳೋಕೆ ಒಂದು ಸಾಲು, ಆದ್ರೆ ಇದು ಎಲ್ಲೆಲ್ಲಿ ಕೆಡತ್ತೆ ಅಂತ ನೋಡೋಕೆ ಹೊರಟ್ರೆ ಲಾಠಿಗಿಂತ ತುಂಬಾ ಮೊದಲು, ಪೊಲೀಸ್ ಸ್ಟೇಷನ್ನಿನ ಟೇಬಲ್ ಮೇಲೇ ಶುರುವಾಗತ್ತೆ.

ಸಂವಿಧಾನದ 19(1)(ಬಿ) ಪ್ರಕಾರ ಆಯುಧ ಇಲ್ಲದೆ ಶಾಂತವಾಗಿ ಸೇರೋದು ನಮ್ಮ ಹಕ್ಕು. ಸಾರ್ವಜನಿಕ ಸುವ್ಯವಸ್ಥೆ, ದೇಶದ ಸಮಗ್ರತೆ ಅನ್ನೋ ಕಾರಣಕ್ಕೆ ಸರ್ಕಾರ ಅದಕ್ಕೆ ತಕ್ಕಮಟ್ಟಿನ ಮಿತಿ ಹಾಕ್ಬಹುದು. ಅಹಮದಾಬಾದ್ ಪೊಲೀಸ್ ಕಮಿಷನರ್ ವಿರುದ್ಧದ ಹಿಮತ್ ಲಾಲ್ ಶಾ ಕೇಸಲ್ಲಿ ಸುಪ್ರೀಂ ಕೋರ್ಟ್ ಐವತ್ತು ವರ್ಷದ ಹಿಂದೆಯೇ ಹೇಳಿದೆ, ರಸ್ತೆಯಲ್ಲಿ ಸಭೆ ಹೇಗೆ ಎಲ್ಲಿ ಯಾವಾಗ ಅಂತ ನಿಯಂತ್ರಣ ಮಾಡ್ಬಹುದು, ಆದ್ರೆ ಪೊಲೀಸರು ತಮಗೆ ತೋಚಿದಂಗೆ ಪೂರ್ತಿ ಇಲ್ಲ ಅನ್ನೋ ಅಧಿಕಾರ ಇಟ್ಕೊಳ್ಳೋ ಹಾಗಿಲ್ಲ ಅಂತ.

ಈಗ ಮುಂಬಯಿಗೆ ಬನ್ನಿ. ಇಲ್ಲಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆ 1951 ಅಂತ ಇದೆ, ಹಳೇ ಹೆಸರು ಬಾಂಬೆ ಪೊಲೀಸ್ ಆಕ್ಟ್. ಅದರ ಕಲಂ 37ರಲ್ಲಿ ಕಮಿಷನರ್ ಜನ ಸೇರೋದನ್ನ, ಮೆರವಣಿಗೆ ತೆಗೆಯೋದನ್ನ ನಿಷೇಧಿಸಬಹುದು. ಸರ್ಕಾರದ ಮಂಜೂರಿ ಇಲ್ಲದೆ ಅಂಥ ಆರ್ಡರ್ 15 ದಿನದ ಮೇಲೆ ನಿಲ್ಲಲ್ಲ, ಆದ್ರೇನು, 15 ದಿನ ಮುಗಿಯೋಷ್ಟರಲ್ಲಿ ಇನ್ನೊಂದು ಆರ್ಡರ್ ರೆಡಿ ಇರತ್ತೆ, ಹೀಗೆ ಒಂದರ ಹಿಂದೆ ಒಂದು ಬರ್ತಾನೇ ಇರತ್ತೆ. ಮದುವೆ ದಿಬ್ಬಣ, ಸ್ಮಶಾನ ಯಾತ್ರೆ, ಸಂಘದ ಮೀಟಿಂಗ್ ಇಂಥವಕ್ಕೆ ವಿನಾಯಿತಿ ಅಂತ ಕೆಳಗೆ ಬರೆದಿರ್ತಾರೆ. ಪೇಪರಲ್ಲಿ "ಮುಂಬಯಿಯಲ್ಲಿ ಜಮಾವು ಬಂದಿ" (ಗುಂಪು ಸೇರೋದಕ್ಕೆ ನಿಷೇಧ) ಅಂತ ಓದಿ ಊರಿಂದ ಅಮ್ಮ ಗಾಬರಿಯಾಗಿ ಫೋನ್ ಮಾಡೋದು ಇದನ್ನ ನೋಡಿನೇ, ಇಲ್ಲಿದ್ದವರಿಗೆ ಅದು ಹವಾಮಾನ ವರದಿ ಇದ್ದಂಗೆ, ಯಾರೂ ಓದಲ್ಲ.

ತಮಾಷೆ ಬಿಟ್ಟು ನೋಡಿದ್ರೆ ಇಲ್ಲೇ ಮೊದಲ ತೊಂದರೆ. ನಿಷೇಧ ಹೆಚ್ಚುಕಡಿಮೆ ವರ್ಷವಿಡೀ ಇದ್ರೆ ಆಗ ಬೀದಿಗಿಳಿದವರೆಲ್ಲ ಕಾಗದದ ಮೇಲೆ ತಪ್ಪಿತಸ್ಥರೇ. ರೈಲು ಡಬ್ಬದಲ್ಲಿರೋ ಯಾರ ಹತ್ರಾನೂ ಟಿಕೆಟ್ ಇಲ್ಲ ಅಂದ್ಕೊಳ್ಳಿ, ಆಗ ಟಿಸಿ ಯಾರ ಭುಜದ ಮೇಲೆ ಕೈ ಇಡ್ತಾನೆ ಅನ್ನೋದರಲ್ಲೇ ಎಲ್ಲಾ ಇರೋದು, ರೂಲ್ ಬುಕ್ಕಿಗೆ ಕೆಲಸವೇ ಇಲ್ಲ. ವ್ಯಾಪಾರಿಗಳ ಮೆರವಣಿಗೆಗೂ ಅದೇ ಕಾನೂನು, ಮರಾಠಿ ಮೋರ್ಚಾಗೂ ಅದೇ ಕಾನೂನು, ಆದ್ರೆ ಯಾವಾಗ ಹಿಡೀಬೇಕು ಯಾವಾಗ ಬಿಡ್ಬೇಕು ಅನ್ನೋದು ಎಲ್ಲೂ ಬರೆದಿಲ್ಲ.

ಇನ್ನೊಂದು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ. ಪರ್ಮಿಷನ್ ಇಲ್ಲ ಅನ್ನೋದೊಂದೇ ಲಾಠಿ ಬೀಸೋಕೆ ಕಾರಣ ಆಗಲ್ಲ. ಪರ್ಮಿಷನ್ ಇಲ್ಲದಿದ್ರೆ ಕೇಸ್ ಹಾಕ್ಬಹುದು, ಆರ್ಡರ್ ಮುರಿದಿದ್ದಕ್ಕೆ ಶಿಕ್ಷೆನೂ ಇದೆ. ಬಲಪ್ರಯೋಗದ ಕಾನೂನು ಬೇರೆ. 2024ರ ಜುಲೈ 1ರಿಂದ ಪೊಲೀಸರು, ಕೋರ್ಟು ಹೇಗೆ ನಡ್ಕೋಬೇಕು ಅಂತ ಹೇಳೋ ಹಳೇ ಕಾನೂನು ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂತಲ್ಲ, ಅದರ ಕಲಂ 148 (ಹಳೇ 129) ಹೇಳೋದು ಹೀಗೆ: ಗುಂಪು ಕಾನೂನುಬಾಹಿರ ಆಗಿರ್ಬೇಕು ಇಲ್ಲಾ ಐದು ಅಥವಾ ಹೆಚ್ಚು ಜನರ ಗುಂಪಿನಿಂದ ಶಾಂತಿ ಕೆಡೋ ಸಂಭವ ಇರ್ಬೇಕು, ಆಮೇಲೆ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಅಥವಾ ಠಾಣೆಯ ಇನ್‌ಚಾರ್ಜ್, ಅವರಿಲ್ಲದಿದ್ರೆ ಸಬ್ ಇನ್ಸ್‌ಪೆಕ್ಟರ್‌ಗಿಂತ ಕೆಳಗಿಲ್ಲದ ಅಧಿಕಾರಿ ಚದುರಿ ಅಂತ ಹೇಳ್ಬೇಕು, ಹೇಳಿದ ಮೇಲೂ ಚದುರದಿದ್ರೆ ಅಥವಾ ಚದುರಲ್ಲ ಅಂತ ಗುಂಪು ತನ್ನ ನಡವಳಿಕೆಯಲ್ಲೇ ತೋರಿಸಿದ್ರೆ ಆಗ ಬಲ. ಅದಕ್ಕೂ ಮುಂದೆ ಸೇನೆ ಕರೆಸೋ ಪರಿಸ್ಥಿತಿ ಬಂದ್ರೂ ಆದಷ್ಟು ಕಮ್ಮಿ ಬಲ ಬಳಸಬೇಕು, ಜನಕ್ಕೂ ಆಸ್ತಿಗೂ ಆದಷ್ಟು ಕಮ್ಮಿ ಪೆಟ್ಟು ಅಂತ ಕಾನೂನಲ್ಲೇ ಬರೆದಿದೆ. ಬಂದೂಕು ಹಿಡಿದು ಬರೋ ಸೇನೆಗೇ ಹಾಗಂದಿರೋವಾಗ ಬಿದಿರು ಕೋಲು ಹಿಡಿದವರಿಗೆ ಬೇರೆ ಹೇಳ್ಬೇಕಾ.

ಟ್ರೇನಿಂಗ್‌ನಲ್ಲಿ ಹೇಳ್ಕೊಡೋ ಕ್ರಮವೂ ಮೆಟ್ಟಿಲು ಮೆಟ್ಟಿಲಾಗಿದೆ. ಮೊದಲು ಮಾತುಕತೆ, ಮೈಕಲ್ಲಿ ಎಚ್ಚರಿಕೆ, ಆಮೇಲೆ ತಳ್ಳಿ ಹಿಂದೆ ಸರಿಸೋದು, ನೀರಿನ ಫಿರಂಗಿ ಅಥವಾ ಅಶ್ರುವಾಯು, ಲಾಠಿ, ಕಟ್ಟಕಡೆಗೆ ಗೋಲಿ. ಲಾಠಿ ತಲೆಗೆ ಬೀಳ್ಬಾರ್ದು, ಕಾಲು ತೊಡೆ ಕಡೆಗೆ. ಓಡಿ ಹೋಗ್ತಿರೋನ ಬೆನ್ನಟ್ಟಿ ಹೊಡೆಯೋದು, ಕೆಳಗೆ ಬಿದ್ದವನನ್ನ ನಾಲ್ಕು ಜನ ಸೇರಿ ಚಚ್ಚೋದು ಇದರಲ್ಲಿ ಎಲ್ಲೂ ಇಲ್ಲ. ಈ ಬಿದ್ದವನ ವಿಷಯದಲ್ಲೇ ಸುಪ್ರೀಂ ಕೋರ್ಟ್ 2016ರಲ್ಲಿ ಅನಿತಾ ಠಾಕೂರ್ ಕೇಸಲ್ಲಿ ಸ್ಪಷ್ಟ ಮಾಡ್ತು. ಜಮ್ಮು ಕಡೆಯ ಪ್ರತಿಭಟನೆ ಅದು, ಗುಂಪು ಮೊದಲು ಕಲ್ಲು ತೂರಿದ್ದು ನಿಜ ಇರ್ಬಹುದು, ಪೊಲೀಸರು ಬಲ ಬಳಸಿ ಹತೋಟಿಗೆ ತಂದದ್ದು ಸರಿ ಇರ್ಬಹುದು, ಆದ್ರೆ ಹತೋಟಿಗೆ ಬಂದ ಮೇಲೂ ಹೊಡೀತಾ ಹೋದದ್ದು ತಪ್ಪು ಅಂತ ಹೇಳಿ ಪರಿಹಾರ ಕೊಡಿಸ್ತು. ಅಂದ್ರೆ ಮೊದಲ ಏಟಿಗೆ ಇದ್ದ ಕಾರಣ ಹತ್ತನೇ ಏಟಿಗೆ ಇರ್ಬೇಕು ಅಂತಿಲ್ಲ, ಪ್ರತಿ ಹಂತಕ್ಕೂ ಅದರದ್ದೇ ಕಾರಣ ಬೇಕು. 2011ರ ಜೂನ್‌ನಲ್ಲಿ ದೆಹಲಿ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ಮಧ್ಯರಾತ್ರಿ ಪೊಲೀಸರು ಹೋದದ್ದಕ್ಕೂ ಕೋರ್ಟ್ ಛೀಮಾರಿ ಹಾಕಿತ್ತು, ನಿದ್ದೆ ಮಾಡ್ತಿರೋ ಮನುಷ್ಯನಿಂದ ಯಾವ ಶಾಂತಿಭಂಗ ಅಂತ ಯಾರಾದ್ರೂ ಕೇಳ್ತಾರೆ.

ಇದೆಲ್ಲ ಪುಸ್ತಕದ್ದು ಆಯ್ತು, ರಸ್ತೆ ಮೇಲಿನದ್ದು ಬೇರೆ. ನನ್ನ ಆಫೀಸ್ ಫೋರ್ಟ್‌ನಲ್ಲಿ, ಹಾಗಾಗಿ 2025ರ ಆಗಸ್ಟ್ ಕೊನೆಗೆ ಮನೋಜ್ ಜರಾಂಗೆ ಪಾಟೀಲರ ಮರಾಠಾ ಮೀಸಲಾತಿ ಆಂದೋಲನ ಆಜಾದ್ ಮೈದಾನಕ್ಕೆ ಬಂದಾಗ ಕಣ್ಣಾರೆ ನೋಡಿದೆ. ಪಕ್ಕದ ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಸಾಲಾಗಿ ಮಲಗಿದವರು, ರಸ್ತೆ ಮಧ್ಯ ಟೆಂಪೋ ನಿಲ್ಲಿಸಿ ಒಲೆ ಹೂಡಿದವರು, ಪಾಲಿಕೆ ಕಟ್ಟಡದ ಎದುರಿಗೇ ಸ್ನಾನ. ಸಬ್‌ವೇ ಮೆಟ್ಟಿಲ ಹತ್ರ ಹೆಲ್ಮೆಟ್ ತೊಡೆ ಮೇಲಿಟ್ಕೊಂಡು ವಡಾ ಪಾವ್ ತಿಂತಾ ಕೂತಿದ್ದ ಒಬ್ಬ ಪೊಲೀಸ್, ನಾನು ಫೋನಲ್ಲಿ ಕನ್ನಡ ಮಾತಾಡಿದ್ದು ಕೇಳಿ "ಯಾವೂರ್ರೀ ನಿಮ್ದು" ಅಂದ. ಅಕ್ಕಲಕೋಟದವನಂತೆ. ಇಷ್ಟು ಜನ ರಸ್ತೆ ತುಂಬಿದ್ರೂ ಸುಮ್ನೆ ಕೂತಿದ್ದೀರಲ್ಲ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರ್ಲಿಲ್ಲ.

"ಲಾಠಿ ಎತ್ತಾಕ ಏನ್ ಹೊತ್ರಿ ಅಣ್ಣಾ, ಎತ್ತಿದ್ ಮ್ಯಾಗ ಈ ಮಂದಿ ಎಲ್ಲಿಗಿ ಓಡ್ಬೇಕು ಹೇಳ್ರಿ. ಈ ಕಡಿ ಸ್ಟೇಷನ್, ಆ ಕಡಿ ಸಬ್‌ವೇ. ತುಳಿದಾಡಿ ನಾಕ್ ಮಂದಿ ಸತ್ರ ಸಾಹೇಬ್ರ ಹೆಸರ ಬರಂಗಿಲ್ಲ, ನಮ್ಮ ಬಕ್ಕಲ್ ನಂಬರ್ ಬರ್ತದ."

ಬಕ್ಕಲ್ ನಂಬರ್ ಅಂದ್ರೆ ಪೊಲೀಸಿನವರ ಎದೆ ಮೇಲಿರೋ ನಂಬರ್. ಅವನ ಮಾತಲ್ಲಿ ಬಲಪ್ರಯೋಗದ ಅರ್ಧ ಶಾಸ್ತ್ರ ಇದೆ. ಗುಂಪನ್ನ ಚದುರಿಸೋದು ಅಂದ್ರೆ ಮೊದಲು ಅದು ಚದುರೋಕೆ ದಾರಿ ತೆರೆದಿಡ್ಬೇಕು. 1994ರ ನವೆಂಬರ್ 23ಕ್ಕೆ ನಾಗಪುರದಲ್ಲಿ ವಿಧಾನಸಭೆ ಅಧಿವೇಶನದ ಹೊತ್ತಲ್ಲಿ ಗೋವಾರಿ ಸಮುದಾಯದವರ ಮೋರ್ಚಾ ಮೇಲೆ ಲಾಠಿ ಬೀಸಿದಾಗ ಕಾಲ್ತುಳಿತ ಆಗಿ 114 ಜನ ಸತ್ತರು, ಅದರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. ಗೋಲಿಯಲ್ಲ, ಬರೀ ಓಡೋಕೆ ಜಾಗ ಇಲ್ಲದ್ದು.

ಗೋಲಿಯ ಇತಿಹಾಸ ನಮ್ಮ ಆಫೀಸ್ ದಾರಿಯಲ್ಲೇ ಇದೆ. ಫ್ಲೋರಾ ಫೌಂಟನ್ನಿಗೆ ಹುತಾತ್ಮ ಚೌಕ ಅಂತ ಹೆಸರು ಬಂದದ್ದು ಮುಂಬಯಿ ಸೇರಿದ ಮರಾಠಿ ರಾಜ್ಯ ಬೇಕು ಅಂತ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಸತ್ತ ನೂರಕ್ಕೂ ಹೆಚ್ಚು ಜನರ ನೆನಪಿಗೆ, ಅವರಲ್ಲಿ ಬಹಳಷ್ಟು ಜನ ಪೊಲೀಸ್ ಗೋಲಿಗೆ ಹೋದವರು. ಅದು ದೊಡ್ಡ ಇತಿಹಾಸ, ಕಲ್ಲಿನ ಸ್ಮಾರಕ ಇದೆ. ಘಾಟ್ಕೋಪರ್‌ನ ರಮಾಬಾಯಿ ಅಂಬೇಡ್ಕರ್ ನಗರದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. 1997ರ ಜುಲೈ 11, ಬೆಳಿಗ್ಗೆ ಎದ್ದು ನೋಡಿದ್ರೆ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ, ದಲಿತ ಬಸ್ತಿಯ ಜನ ಸಿಟ್ಟಿಗೆದ್ದು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಬಂದ್ರು, ರಾಜ್ಯ ಮೀಸಲು ಪೊಲೀಸ್ (ಎಸ್‌ಆರ್‌ಪಿಎಫ್) ತುಕಡಿ ಬಂದು ಗೋಲಿ ಹಾರಿಸಿ 10 ಜನ ಸತ್ತರು. ಗ್ಯಾಸ್ ಟ್ಯಾಂಕರ್‌ಗೆ ಬೆಂಕಿ ಹಚ್ಚೋಕೆ ಹೊರಟಿದ್ರು, ಅದನ್ನ ತಡೆಯೋಕೆ ಹಾರಿಸಿದ್ವಿ ಅನ್ನೋದು ಪೊಲೀಸರ ವಾದ. ಜಸ್ಟಿಸ್ ಗುಂಡೇವಾರ್ ಆಯೋಗ ಅದನ್ನ ಒಪ್ಪಲಿಲ್ಲ, ಗೋಲಿ ಹಾರಿಸೋ ಅಗತ್ಯವೇ ಇರ್ಲಿಲ್ಲ ಅಂತು. ಆರ್ಡರ್ ಕೊಟ್ಟ ಸಬ್ ಇನ್ಸ್‌ಪೆಕ್ಟರ್‌ಗೆ 2009ರಲ್ಲಿ ಸೆಷನ್ಸ್ ಕೋರ್ಟ್ ಜೀವಾವಧಿ ಶಿಕ್ಷೆ ಕೊಡ್ತು, ಆಮೇಲೆ ಹೈಕೋರ್ಟ್ ಶಿಕ್ಷೆ ತಡೆಹಿಡಿದು ಜಾಮೀನು ಕೊಡ್ತು. ತೀರ್ಪಿಗೇ 12 ವರ್ಷ, ಆದ್ರೂ ನಮ್ಮಲ್ಲಿ ಗೋಲಿಬಾರ್‌ಗೆ ಇಷ್ಟು ದೂರ ಕೇಸ್ ಬಂದದ್ದೇ ಅಪರೂಪ, ಯಾಕಂದ್ರೆ ಗುಂಪು ಚದುರಿಸೋವಾಗ ಒಳ್ಳೇ ಉದ್ದೇಶದಿಂದ ಮಾಡಿದ್ದಕ್ಕೆ ಸರ್ಕಾರದ ಅನುಮತಿ ಇಲ್ಲದೆ ಅಧಿಕಾರಿ ಮೇಲೆ ಕೇಸ್ ನಡೆಸೋ ಹಾಗಿಲ್ಲ ಅಂತ ಕಾನೂನೇ ಇದೆ. 2011ರ ಆಗಸ್ಟ್ 9ಕ್ಕೆ ಪುಣೆ ಹತ್ರದ ಮಾವಳದಲ್ಲಿ ಪವನಾ ನೀರಿನ ಪೈಪ್‌ಲೈನ್ ವಿರೋಧಿಸಿ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ತಡೆದ ರೈತರ ಮೇಲೂ ಗೋಲಿ ಹಾರಿತು, ಮೂರು ಜನ ಹೋದ್ರು.

ಈಗ ಹೋಲಿಕೆಗೆ ಬರ್ತೀನಿ, ಅದೇ ಮುಖ್ಯ. 2018ರ ಮಾರ್ಚ್‌ನಲ್ಲಿ ನಾಸಿಕ್‌ನಿಂದ ಕೆಂಪು ಟೊಪ್ಪಿ ಹಾಕಿದ ಸಾವಿರಾರು ರೈತರು ಸುಮಾರು 180 ಕಿಲೋಮೀಟರ್ ನಡ್ಕೊಂಡು ಬಂದ್ರಲ್ಲ, ಆಗ ಹತ್ತನೇ ಕ್ಲಾಸ್ ಪರೀಕ್ಷೆ ನಡೀತಿತ್ತು, ಬೆಳಿಗ್ಗೆ ಹೊರಟ್ರೆ ಮಕ್ಕಳಿಗೆ ತೊಂದರೆ ಆಗತ್ತೆ ಅಂತ ಅವರು ರಾತ್ರಿಯೇ ನಡೆದು ಆಜಾದ್ ಮೈದಾನ ಸೇರಿದ್ರು. ಒಂದೇ ಒಂದು ಕಲ್ಲಿಲ್ಲ, ಒಂದೇ ಒಂದು ಲಾಠಿ ಏಟಿಲ್ಲ. ದಾರಿಯಲ್ಲಿ ಜನ ನೀರು ಬಿಸ್ಕೆಟ್ ಕೊಟ್ಟು, ಕಾಲಿನ ಬೊಬ್ಬೆ ನೋಡಿ ಚಪ್ಪಲಿ ಕೊಟ್ಟು ಕಳಿಸಿದ್ರು. ಇದು ಗುಂಪಿನ ನಡವಳಿಕೆ ನೋಡಿ ನಡ್ಕೊಂಡದ್ದು, ಇದರಲ್ಲಿ ಯಾರಿಗೂ ತಕರಾರಿಲ್ಲ.

2019ರ ಅಕ್ಟೋಬರ್ 4ರ ರಾತ್ರಿ ಮುಂಬಯಿಯ ಆರೇ ಕಾಡಿನಲ್ಲಿ ಏನಾಯ್ತು? ಮೆಟ್ರೋ ಕಾರ್ ಶೆಡ್‌ಗೆ ಮರ ಕಡಿಯೋದರ ವಿರುದ್ಧದ ಅರ್ಜಿಗಳನ್ನ ಹೈಕೋರ್ಟ್ ವಜಾ ಮಾಡಿದ ದಿನವೇ ರಾತ್ರಿ ಗರಗಸ ಶುರು, ಓಡಿ ಬಂದ ಹುಡುಗ ಹುಡುಗಿಯರನ್ನ ತಡೆದು, 144 ಹಾಕಿ, 29 ಜನರನ್ನ ಅರೆಸ್ಟ್ ಮಾಡಿದ್ರು, ಅದರಲ್ಲಿ ವಿದ್ಯಾರ್ಥಿಗಳೂ ಇದ್ರು, ಸರ್ಕಾರಿ ನೌಕರರ ಮೇಲೆ ಹಲ್ಲೆ ಅನ್ನೋ ಕಲಂ ಕೂಡ ಹಾಕಿದ್ರು. ಮೂರು ದಿನದಲ್ಲಿ ಸುಪ್ರೀಂ ಕೋರ್ಟ್ ಇನ್ನು ಮರ ಕಡೀಬೇಡಿ ಅಂತು. ಈ ಹುಡುಗರನ್ನ ಆಜಾದ್ ಮೈದಾನದ 2025ರ ಜನಸಾಗರದ ಪಕ್ಕ ಇಟ್ಟು ನೋಡಿ. ಜರಾಂಗೆಯವರಿಗೆ ಕೊಟ್ಟ ಪರ್ಮಿಷನ್ 5,000 ಜನಕ್ಕೆ, ಸಂಜೆ 6ರ ತನಕ. ಬಂದವರು ಅದರ ಎಷ್ಟೋ ಪಟ್ಟು, ಉಳಿದದ್ದು ಐದು ದಿನ. ಷರತ್ತು ಮುರಿದಿದ್ದಾರೆ ಅಂತ ಹೈಕೋರ್ಟೇ ಹೇಳಿ ಸೆಪ್ಟೆಂಬರ್ 2ರೊಳಗೆ ರಸ್ತೆ ಖಾಲಿ ಮಾಡಿ ಅನ್ನೋ ತನಕ ಬಂತು, ಅವತ್ತೇ ಸಂಜೆ ಸರ್ಕಾರ ಹೈದರಾಬಾದ್ ಗೆಜೆಟ್ (ಮೀಸಲಾತಿಗೆ ಆಧಾರವಾಗಿ ಕೇಳ್ತಿದ್ದ ನಿಜಾಮರ ಕಾಲದ ದಾಖಲೆ) ಬಗ್ಗೆ ಆದೇಶ ಹೊರಡಿಸಿ ಉಪವಾಸ ಮುಗೀತು.

ಆವತ್ತು ಲಾಠಿ ಬೀಸ್ಬೇಕಿತ್ತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಬೇಡಿ. ಗಣೇಶೋತ್ಸವದ ನಡುವೆ ಸಿಎಸ್‌ಎಂಟಿ ಎದುರು ಅಂಥದ್ದು ಮಾಡಿದ್ದಿದ್ರೆ ಆ ಅಕ್ಕಲಕೋಟದ ಹುಡುಗ ಹೇಳಿದ್ದೇ ಆಗ್ತಿತ್ತು. ನಾನನ್ನೋದು, ಹತ್ತಾರು ಸಾವಿರ ಜನರಿದ್ದಾಗ ಪೊಲೀಸರಿಗೆ ತಾಳ್ಮೆ ಸಹಜವಾಗೇ ಬರತ್ತೆ, ಮೂವತ್ತು ಜನ ಇದ್ದಾಗ ಕಾನೂನು ಸಹಜವಾಗೇ ನೆನಪಾಗತ್ತೆ. ಸಂಖ್ಯೆ ಜಾಸ್ತಿ ಇದ್ರೆ ಮಾತುಕತೆ, ಕಮ್ಮಿ ಇದ್ರೆ ವ್ಯಾನ್. ಇದು ಯಾರೋ ಕೂತು ಮಾಡಿದ ಷಡ್ಯಂತ್ರ ಅಂತ ನನಗನ್ಸಲ್ಲ, ಯಾವುದು ಕೈಲಾಗತ್ತೋ ಅದನ್ನ ಮಾಡೋ ಮನುಷ್ಯ ಸ್ವಭಾವ. ಆದ್ರೆ ಪರಿಣಾಮ ನೋಡಿ, ಚಿಕ್ಕ ಗುಂಪಿನವರು ಕಲಿಯೋ ಪಾಠ ಏನು? ಶಾಂತವಾಗಿರಿ ಅಂತಲ್ಲ, ಇನ್ನೂ ಜನ ಕರ್ಕೊಂಡು ಬನ್ನಿ, ರೈಲು ನಿಲ್ಲಿಸಿ ಅಂತ.

ರೈಲು ಅಂದ ಕೂಡಲೇ ಬದ್ಲಾಪುರ. 2024ರ ಆಗಸ್ಟ್ 20, ಶಾಲೆಯಲ್ಲಿ ಪುಟ್ಟ ಮಕ್ಕಳ ಮೇಲಾದ ದೌರ್ಜನ್ಯದ ವಿರುದ್ಧ ಜನ ಬೆಳಿಗ್ಗೆಯಿಂದ ಹಳಿ ಮೇಲೆ ಕೂತ್ರು, ಗಂಟೆಗಟ್ಟಲೆ ಲೋಕಲ್ ಇಲ್ಲ, ಮಂತ್ರಿ ಬಂದು ಹೇಳಿದ್ರೂ ಏಳಲಿಲ್ಲ, ಸಂಜೆ ಲಾಠಿ ಬೀಸಿ ಖಾಲಿ ಮಾಡಿದ್ರು, ಕಲ್ಲೂ ಬಿತ್ತು. ಆ ದಿನ ಅಂಬರನಾಥದಿಂದ ಆಫೀಸಿಗೆ ಹೋಗಿ ವಾಪಸ್ ಬರೋಕಾಗದೆ ಒದ್ದಾಡಿದವರೂ ನಮ್ಮವರೇ, ಹಳಿ ಮೇಲೆ ಕೂತ ತಾಯಂದಿರಿಗೆ ಸರಿ ಅಂದವರೂ ನಮ್ಮವರೇ. ಬೇರೆಯವರ ಓಡಾಟದ ಹಕ್ಕೂ ಹಕ್ಕೇ. ದೆಹಲಿಯ ಶಾಹೀನ್ ಬಾಗ್ ರಸ್ತೆ ಧರಣಿಯ ಕೇಸಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ರಸ್ತೆಯನ್ನ ಅನಿರ್ದಿಷ್ಟ ಕಾಲ ಹಿಡ್ಕೊಳ್ಳೋ ಹಾಗಿಲ್ಲ, ಗೊತ್ತುಪಡಿಸಿದ ಜಾಗದಲ್ಲಿ ಮಾಡಿ ಅಂದಿದೆ. ಬದ್ಲಾಪುರದಲ್ಲಿ ಅಷ್ಟು ಹೊತ್ತು ಕಾದದ್ದು, ಮಾತಾಡಿದ್ದು, ಆಮೇಲೆ ಬಲ ಬಳಸಿದ್ದು, ಈ ಕ್ರಮದಲ್ಲಿ ನನಗೆ ದೊಡ್ಡ ತಪ್ಪು ಕಾಣಲ್ಲ. ಆಮೇಲೆ ಎಷ್ಟು ಏಟು, ಯಾರಿಗೆ ಅನ್ನೋದು ಬೇರೆ ಪ್ರಶ್ನೆ.

ಪೊಲೀಸ್ ಅಧಿಕಾರಿಯ ಕುರ್ಚಿಯಲ್ಲಿ ಕೂತು ಒಮ್ಮೆ ನೋಡಿ. 2012ರ ಆಗಸ್ಟ್ 11ಕ್ಕೆ ಇದೇ ಆಜಾದ್ ಮೈದಾನದಲ್ಲಿ ಅಸ್ಸಾಂ, ಮ್ಯಾನ್ಮಾರ್ ವಿಷಯಕ್ಕೆ ಸೇರಿದ ಸಭೆ ಹಿಂಸೆಗೆ ತಿರುಗಿತು, ಎರಡು ಜನ ಸತ್ತರು, ಮಹಿಳಾ ಪೊಲೀಸರ ಮೇಲೂ ಹಲ್ಲೆ ಆಯ್ತು, ಅಮರ್ ಜವಾನ್ ಸ್ಮಾರಕ ಒಡೆದ್ರು. ಕಮಿಷನರ್ ಅರೂಪ್ ಪಟ್ನಾಯಕ್ ತಮ್ಮ ಪಡೆಯನ್ನ ಹಿಡಿದಿಟ್ಟು ಇನ್ನೂ ದೊಡ್ಡ ರಕ್ತಪಾತ ತಪ್ಪಿಸಿದ್ರು ಅಂತ ಕೆಲವರು ಹೊಗಳಿದ್ರು, ಮೆತ್ತಗಾದ್ರು ಅಂತ ಕೆಲವರು ಬೈದ್ರು, ಹತ್ತು ಹನ್ನೆರಡು ದಿನದಲ್ಲಿ ಅವರನ್ನ ಆ ಹುದ್ದೆಯಿಂದ ತೆಗೆದ್ರು, ಬಡ್ತಿ ಅನ್ನೋ ಹೆಸರಲ್ಲಿ. 2023ರ ಸೆಪ್ಟೆಂಬರ್ 1ಕ್ಕೆ ಜಾಲನಾ ಜಿಲ್ಲೆಯ ಅಂತರವಾಲಿ ಸರಾಟಿಯಲ್ಲಿ ಇದೇ ಜರಾಂಗೆಯವರ ಉಪವಾಸದ ಜಾಗದಲ್ಲಿ ಲಾಠಿ, ಅಶ್ರುವಾಯು ಆಯ್ತು, ಗೃಹ ಖಾತೆ ಇದ್ದ ಫಡ್ನವೀಸ್ ಕ್ಷಮೆ ಕೇಳಿದ್ರು, ಜಿಲ್ಲಾ ಎಸ್‌ಪಿಯನ್ನ ಕಡ್ಡಾಯ ರಜೆ ಮೇಲೆ ಕಳಿಸಿದ್ರು. 2025ರಲ್ಲಿ ಮೀರಾ ರೋಡ್ ಕಮಿಷನರ್ ವರ್ಗ. ಒಬ್ಬರು ಬಲ ಬಳಸದ್ದಕ್ಕೆ ಹೋದ್ರು, ಒಬ್ಬರು ಬಳಸಿದ್ದಕ್ಕೆ, ಒಬ್ಬರು ಮೋರ್ಚಾ ತಡೆದದ್ದಕ್ಕೆ. ಈ ಮೂರನ್ನೂ ನೋಡಿದ ನಾಲ್ಕನೇ ಅಧಿಕಾರಿ ಕಲಂ 148 ಓದ್ತಾರಾ ಇಲ್ಲಾ ಮಂತ್ರಾಲಯದ (ಮುಂಬಯಿಯ ಸಚಿವಾಲಯ) ಕಡೆಯಿಂದ ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡ್ತಾರಾ? ನನ್ನ ಪ್ರಕಾರ ಅಸಮಾನತೆಯ ಬೇರು ಇಲ್ಲಿದೆ. ಕಾನ್‌ಸ್ಟೇಬಲ್‌ಗಳಿಗೆ ಎಷ್ಟು ಸೂಕ್ಷ್ಮತೆ ಟ್ರೇನಿಂಗ್ ಕೊಟ್ರೂ ಮೇಲಿನವರಿಗೆ ಅಳತೆಗೋಲು ಜನಪ್ರಿಯತೆ ಆಗಿರೋ ತನಕ ಅದು ಸರಿಯಾಗಲ್ಲ.

ಬಲದ ಇನ್ನೊಂದು ಮುಖ ಗುಂಪಿನ ಮನಸ್ಸು. ಗುಂಪು ಅಂದ್ರೆ ತಲೆ ಕೆಟ್ಟ ಮೃಗ, ಹೆದರಿಸಿದ್ರೆ ಮಾತ್ರ ಬಗ್ಗತ್ತೆ ಅನ್ನೋದು ಹಳೇ ನಂಬಿಕೆ. ಸ್ಟೀವನ್ ರೈಶರ್, ಕ್ಲಿಫರ್ಡ್ ಸ್ಟಾಟ್ ಅನ್ನೋ ಬ್ರಿಟಿಷ್ ಮನಃಶಾಸ್ತ್ರಜ್ಞರು ವರ್ಷಗಟ್ಟಲೆ ಫುಟ್‌ಬಾಲ್ ಗಲಾಟೆ, ಪ್ರತಿಭಟನೆ ನೋಡಿ ಬೇರೆಯದೇ ಕಂಡರು. ಗುಂಪಿನೊಳಗೆ ನೂರು ಥರದ ಜನ ಇರ್ತಾರೆ, ಕೆಲವರಷ್ಟೇ ಜಗಳಕ್ಕೆ ಬಂದವರು, ಉಳಿದವರು ಅವರಿಂದ ದೂರ ನಿಲ್ಲೋರು. ಪೊಲೀಸರು ಎಲ್ಲರ ಮೇಲೂ ಒಟ್ಟಿಗೆ ಬಿದ್ರೆ ಈ ದೂರ ನಿಂತವರೂ "ನಾವು" ಆಗ್ಬಿಡ್ತಾರೆ, ಜಗಳಗಂಟರು ನಾಯಕರಾಗ್ತಾರೆ. ಪೋರ್ಚುಗಲ್‌ನಲ್ಲಿ ಯೂರೋ 2004 ಟೂರ್ನಿಗೆ ಇದೇ ತಿಳುವಳಿಕೆ ಮೇಲೆ ಮಾಮೂಲಿ ಯೂನಿಫಾರಂನ ಪೊಲೀಸರನ್ನ ಮುಂದೆ ಬಿಟ್ಟು, ಗಲಭೆ ಪಡೆಯನ್ನ ಕಣ್ಣಿಗೆ ಬೀಳದ ಕಡೆ ಇಟ್ಟು ಯೋಜನೆ ಮಾಡಿದ್ರು, ಪಂದ್ಯ ನಡೆದ ಊರುಗಳಲ್ಲಿ ಇಂಗ್ಲೆಂಡ್ ಅಭಿಮಾನಿಗಳ ದೊಡ್ಡ ಗಲಭೆ ಆಗ್ಲೇ ಇಲ್ಲ. ಸ್ವೀಡನ್‌ನವರು 2001ರ ಗೊಟೆನ್‌ಬರ್ಗ್ ಗಲಭೆ ಆದ ಮೇಲೆ ಪ್ರತಿಭಟನಾಕಾರರ ಜೊತೆ ಮಾತಾಡೋದಕ್ಕೇ ಪ್ರತ್ಯೇಕ ಪೊಲೀಸರನ್ನ ಇಟ್ಟರು. ಮೀರಾ ರೋಡ್‌ನಲ್ಲಿ ಬೆಳಗಿನ ಜಾವದ ಬಂಧನ ಜನರನ್ನ ಕಮ್ಮಿ ಮಾಡ್ತಾ ಜಾಸ್ತಿ ಮಾಡ್ತಾ ಅಂತ ಈಗ ನೀವೇ ಹೇಳಿ.

ಎಲ್ಲಾ ಮುಗಿದ ಮೇಲೆ ಬರೋ ಅಸಮಾನತೆಯನ್ನ ಕ್ಯಾಮೆರಾ ತೋರಿಸೋದೇ ಇಲ್ಲ. ಕೆಲವರನ್ನ ವ್ಯಾನಲ್ಲಿ ಕೂರಿಸಿ ಸಂಜೆ ಚಹಾ ಕುಡಿಸಿ ಬಿಡ್ತಾರೆ, ಪೊಲೀಸ್ ಕಾಯ್ದೆ ಕಲಂ 69ರಲ್ಲಿ ಸಣ್ಣ ವಿಷಯ ಆದ್ರೆ ಸಂದರ್ಭ ಮುಗಿದ ಮೇಲೆ ಬಿಡ್ಬಹುದು ಅಂತ ಇದೆ. ಕೆಲವರಿಗೆ ಮೋರ್ಚಾಗೆ ಮೊದಲೇ ಮನೆ ಬಾಗಿಲಿಗೆ ನೋಟಿಸ್, ಹಳೇ ಸಿಆರ್‌ಪಿಸಿಯ 149, ಈಗಿನ ಬಿಎನ್‌ಎಸ್‌ಎಸ್‌ನ 168. ಇನ್ನು ಕೆಲವರಿಗೆ ಎಫ್‌ಐಆರ್, ಆಮೇಲೆ ಪಾಸ್‌ಪೋರ್ಟ್ ವೆರಿಫಿಕೇಷನ್ ಬಂದಾಗ, ಸರ್ಕಾರಿ ನೌಕರಿಗೆ ಅರ್ಜಿ ಹಾಕಿದಾಗ ಅದು ಎದ್ದು ಕೂರತ್ತೆ. ಸರ್ಕಾರ ಬದಲಾದಾಗ, ಚುನಾವಣೆ ಹತ್ರ ಬಂದಾಗ ಆಂದೋಲನದ ಕೇಸ್ ವಾಪಸ್ ತಗೋತೀವಿ ಅಂತ ಘೋಷಣೆ ಆಗತ್ತೆ, ಕೋರ್ಟ್ ಒಪ್ಪಿಗೆ ಮೇಲೆ ಪ್ರಾಸಿಕ್ಯೂಟರ್ ಹಾಗೆ ಮಾಡ್ಬಹುದು. ಯಾರ ಕೇಸ್ ವಾಪಸ್ ಹೋಗತ್ತೆ? ಹಿಂದೆ ಪಕ್ಷ ಇದ್ದವರದ್ದು, ಸಮುದಾಯದ ಓಟು ಇದ್ದವರದ್ದು. ಮಾಮೂಲಿ ಕಾಲೇಜು ಹುಡುಗಿಯದ್ದು ತಾರೀಖು ಮೇಲೆ ತಾರೀಖು. ಕೋರ್ಟುಗಳು ಸುಮ್ನಿದ್ವು ಅಂತಲ್ಲ, 2003ರ ಜುಲೈ 30ರ ಮುಂಬಯಿ ಬಂದ್‌ಗೆ ಶಿವಸೇನೆ ಮತ್ತು ಬಿಜೆಪಿಗೆ ಬಾಂಬೆ ಹೈಕೋರ್ಟ್ ತಲಾ 20 ಲಕ್ಷ ದಂಡ ಹಾಕಿತ್ತು. ಅಂಥದ್ದು ಎಷ್ಟು ಸಲ ನೋಡಿದ್ದೀವಿ ಅನ್ನೋದು ಬೇರೆ.

ನಮಗೆ ಕನ್ನಡದವರಿಗೆ ಈ ವಿಷಯ ಯಾಕೆ ಹತ್ರದ್ದು ಅಂದ್ರೆ, 1969ರ ಫೆಬ್ರವರಿಯಲ್ಲಿ ಗಡಿ ವಿಷಯಕ್ಕೆ ಶಿವಸೇನೆ ಚಳವಳಿ ಗಲಭೆಯಾಗಿ ಈ ಊರು ದಿನಗಟ್ಟಲೆ ಉರೀತು, 50ಕ್ಕೂ ಹೆಚ್ಚು ಜನ ಸತ್ತರು, ಉಡುಪಿ ಹೋಟೆಲ್‌ಗಳಿಗೆ ಕಲ್ಲು ಬಿತ್ತು. ಮಾಟುಂಗಾ, ದಾದರ್ ಕಡೆಯ ಹಳೇ ಹೋಟೆಲ್ ಮನೆತನದವರಲ್ಲಿ ಶಟರ್ ಅರ್ಧ ಎಳೆದು ಒಳಗೆ ಕೂತ ಕತೆ ಇಲ್ಲದವರಿಲ್ಲ. ಇವತ್ತಿಗೂ ಬೆಳಗಾವಿ ಸುದ್ದಿ ಬಿಸಿಯಾದ್ರೆ ಪುಣೆ ಸ್ವಾರ್‌ಗೇಟ್‌ನಲ್ಲಿ ಕರ್ನಾಟಕದ ಬಸ್ಸಿಗೆ ಕಪ್ಪು ಬಣ್ಣ ಬಳಿಯೋ ಭಯ ಇದ್ದೇ ಇದೆ. ಹಾಗಾಗಿ ನಮ್ಮವರಿಗೆ ಪೊಲೀಸ್ ಬಿಗಿಯಾಗಿರ್ಲಿ ಅನ್ನಿಸೋದು ಸಹಜ. ಆದ್ರೆ ಬಸ್ ಸುಡೋನನ್ನ ತಡೆಯೋ ಬಿಗಿ ಒಂದು, ಘೋಷಣೆ ಕೂಗೋನ ಬಾಯಿ ಮುಚ್ಚಿಸೋ ಬಿಗಿ ಇನ್ನೊಂದು, ಎರಡನ್ನೂ ಒಂದೇ ಮಾಡಿ ಕೇಳಿದ್ರೆ ನಮಗೆ ಎರಡನೆಯದೇ ಸಿಗೋದು, ಯಾಕಂದ್ರೆ ಅದು ಸುಲಭ.

ಹಾಗಾದ್ರೆ ಏನು ಮಾಡ್ಬಹುದು? ನನಗೆ ಕಾಣೋದು ಬೋರು ಹೊಡೆಸೋ ಉತ್ತರ: ಕಾಗದ. ಪರ್ಮಿಷನ್ ಇಲ್ಲ ಅಂದ್ರೆ ಕಾರಣ ಬರವಣಿಗೆಯಲ್ಲಿ, ಬೇರೆ ರೂಟ್ ಬೇಕಂದ್ರೆ ಯಾವ ರೂಟ್ ಅಂತ ಅದೇ ಪತ್ರದಲ್ಲಿ, ಮೋರ್ಚಾಗೆ ಎರಡು ದಿನ ಮೊದಲೇ, ಹಿಂದಿನ ರಾತ್ರಿ ಅಲ್ಲ. ಬಲ ಬಳಸಿದ್ರೆ ಯಾರು ಆರ್ಡರ್ ಕೊಟ್ರು, ಎಷ್ಟು ಗಂಟೆಗೆ ಎಚ್ಚರಿಕೆ ಕೊಟ್ರು, ಎಷ್ಟು ಶೆಲ್ ಹಾರಿಸಿದ್ರು ಅನ್ನೋದು ಸಾರ್ವಜನಿಕರಿಗೆ ಸಿಗೋ ಹಾಗೆ. 2020ರಲ್ಲಿ ಅನುರಾಧಾ ಭಸಿನ್ ಕೇಸಲ್ಲಿ 144ರ ಆರ್ಡರ್‌ಗಳನ್ನ ಪ್ರಕಟಿಸಬೇಕು, ಜನ ಪ್ರಶ್ನಿಸೋಕೆ ಆಗ್ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ದಾರಿ. ಬರೆದಿಟ್ಟ ಕಾರಣ ಮುಂದಿನ ಗುಂಪಿಗೂ ಉಪಯೋಗಕ್ಕೆ ಬರತ್ತೆ, ಕಳೆದ ತಿಂಗಳು ಅವರಿಗೆ ಈ ರೂಟ್ ಕೊಟ್ಟಿದ್ರಿ ಅಂತ ಹೈಕೋರ್ಟಲ್ಲಿ ತೋರಿಸ್ಬಹುದು. ಬಾಯಿ ಮಾತಿನ "ಇಲ್ಲ"ಗೆ ಅಪೀಲ್ ಇಲ್ಲ.

ನಮ್ಮ ಸಂಘದವರಿಗೆ ಯಕ್ಷಗಾನಕ್ಕೆ ಲೌಡ್‌ಸ್ಪೀಕರ್ ಪರ್ಮಿಷನ್ ತಗೊಂಡು ಅಭ್ಯಾಸ ಇದೆಯಲ್ಲ, ಮೆರವಣಿಗೆಗೂ ಅದೇ ಥರ ಮಾಡಿ. ಅರ್ಜಿ ಎರಡು ಪ್ರತಿ, ಒಂದರ ಮೇಲೆ ಠಾಣೆಯ ಮೊಹರು ಮತ್ತು ತಾರೀಖು ಹಾಕಿಸ್ಕೊಳ್ಳಿ. ದಕ್ಷಿಣ ಮುಂಬಯಿ ಆದ್ರೆ ಆಜಾದ್ ಮೈದಾನ ಬಿಟ್ಟು ಬೇರೆ ಕಡೆ ಕೇಳೋದು ಹೆಚ್ಚುಕಡಿಮೆ ವ್ಯರ್ಥ, 2025ರ ಹೊಸ ನಿಯಮಗಳೂ ಬಂದಿವೆ, ಜನಸಂಖ್ಯೆ, ಸಮಯ ಎರಡನ್ನೂ ಅರ್ಜಿಯಲ್ಲಿ ನಿಜವಾಗಿ ಬರೀರಿ. ಅನ್ಯಾಯವಾಗಿ ಏಟು ತಿಂದವರಿದ್ರೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಮೆಡಿಕಲ್ ಪೇಪರ್ ಮಾಡಿಸಿ, ಹೊಡೆದವರ ಬಕ್ಕಲ್ ನಂಬರ್ ಕಂಡಿದ್ರೆ ಬರೆದಿಡಿ, ವಿಡಿಯೋ ಎಡಿಟ್ ಮಾಡ್ದೆ ಮೂಲ ಫೋನಲ್ಲೇ ಇಟ್ಟಿರಿ. ಪೊಲೀಸ್ ಸುಧಾರಣೆ ಬಗ್ಗೆ ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2006ರ ತೀರ್ಪಿನ ನಂತರ ಮಹಾರಾಷ್ಟ್ರದಲ್ಲೂ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ, ಮುಂಬಯಿಯಲ್ಲೇ ಆಫೀಸ್, ದೂರು ಅಲ್ಲಿಗೆ ಕೊಡ್ಬಹುದು, ಮಾನವ ಹಕ್ಕು ಆಯೋಗಕ್ಕೂ ಕೊಡ್ಬಹುದು. ದೂರಿನಲ್ಲಿ ಅನ್ಯಾಯ, ದೌರ್ಜನ್ಯ ಅಂತ ಪುಟಗಟ್ಟಲೆ ಬರೆಯೋದಕ್ಕಿಂತ ಎಷ್ಟು ಗಂಟೆಗೆ ಚದುರಿ ಅಂದ್ರು, ಎಷ್ಟು ಗಂಟೆಗೆ ಮೊದಲ ಏಟು ಬಿತ್ತು, ಮಧ್ಯೆ ಹೋಗೋಕೆ ದಾರಿ ಇತ್ತಾ ಇಲ್ವಾ, ಈ ಮೂರನ್ನ ಬರೀರಿ, ಕೇಸ್ ನಿಲ್ಲೋದು ಬೀಳೋದು ಇದರ ಮೇಲೇ.